ಫ್ಲೆಕ್ಸ್‌ನಲ್ಲಿ ಇಲ್ಲದ ಮುಖಗಳು

ಮೇ ತಿಂಗಳು ಬಂತೆಂದರೆ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯ ತುಂಬಾ ಮಕ್ಕಳ ಮುಖ. ಆನಂದಪುರ, ಕುಂಸಿ, ಆಯನೂರು, ಎಲ್ಲಿ ಬಸ್ ನಿಂತರೂ ಎದುರಿಗೊಂದು ಫ್ಲೆಕ್ಸ್. ಕೋಟು, ಟೈ ಹಾಕಿದ ಹುಡುಗ. ಪಕ್ಕದಲ್ಲಿ ಬ್ಲೇಜರ್ ಹಾಕಿದ ಹುಡುಗಿ. ಕೆಳಗೊಂದು ಕಂಪನಿಯ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ಇಷ್ಟು ಲಕ್ಷ ಪ್ಯಾಕೇಜ್. ಮೂಲೆಯಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್'.

ಈ ಸಲ ಭಾವನ ಜೊತೆ ಆ ದಾರಿಯಲ್ಲಿ ಹೋಗಿದ್ದೆ. ಅಕ್ಕನ ಮಗನಿಗೆ ಪಿಯುಸಿ ಮುಗಿದಿತ್ತು. ಕಾಮರ್ಸ್. ಮುಂದೆ ಬಿಕಾಂ ಸೇರಿಸುವುದೋ, ಬಿಸಿಎ ಸೇರಿಸುವುದೋ, ಯಾವ ಕಾಲೇಜೋ ಎಂದು ಮನೆಯಲ್ಲಿ ತಿಂಗಳಿಂದ ಅದೇ ಮಾತು. ಭಾವ ಕಾರಿನ ಕಿಟಕಿಯಿಂದ ಫ್ಲೆಕ್ಸ್ ಎಣಿಸುತ್ತಾ ಬಂದರು.

"ನೋಡು ಮಾರಾಯ, ಈ ಕಾಲೇಜಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ."

"ಎಷ್ಟು ಜನರಲ್ಲಿ ಭಾವ?"

"ಅದು ಬರ್ದಿಲ್ಲ."

ಭಾವ ಮೂವತ್ತು ವರ್ಷದಿಂದ ಅಡಿಕೆ ಮಾರುತ್ತಿರುವವರು. ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು ನೋಡದೆ ಯಾರೂ ದರ ಹೇಳುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಮೇಲೆ ಒಳ್ಳೆಯ ರಾಶಿ ಅಡಿಕೆ ಹಾಕಿ ಅಡಿಗೆ ಕಡಿಮೆ ದರದ ಗೋಟು ತುಂಬುವ ಆಟ ಅಲ್ಲಿ ನಡೆಯುವುದಿಲ್ಲ. ಅಂಥವರು ಮಗನ ಓದಿಗೆ ಮೂರು ವರ್ಷದ ಅಡಿಕೆ ದುಡ್ಡು ಹಾಕುವಾಗ ಮಾತ್ರ ಚೀಲದ ಮೇಲಿನ ಪದರ ನೋಡಿ ತಲೆಯಾಡಿಸುತ್ತಿದ್ದರು. ಅವರೊಬ್ಬರೇ ಅಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಆಗುತ್ತಿದೆ. ಅಡಿಗೆ ಕೈ ಹಾಕುವುದು ಹೇಗೆ ಎಂದು ಭಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನೂ ಎರಡು ವರ್ಷ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡಿದವನು. ಇಲ್ಲಿ ಬರುವ ಕೆಲವು ತಪ್ಪು ನನ್ನದೂ ಹೌದು.

ಮುದ್ರೆ ಒಂದೇ, ಫೀಸು ಬೇರೆ

ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳೆಲ್ಲ ಹೆಚ್ಚುಕಡಿಮೆ ಕುವೆಂಪು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 1987ರಲ್ಲಿ ಶುರುವಾದ, ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿರುವ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಕಾಲೇಜುಗಳಿಗೆ 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ತಾಂತ್ರಿಕ ವಿಶ್ವವಿದ್ಯಾಲಯ, ವಿಟಿಯು. ಸಿಲಬಸ್ ಮಾಡುವುದು ವಿಶ್ವವಿದ್ಯಾಲಯ. ಸೆಮಿಸ್ಟರ್ ಪರೀಕ್ಷೆ ಮಾಡುವುದು ಅದೇ. ಪದವಿ ಕೊಡುವುದೂ ಅದೇ. ಸ್ವಾಯತ್ತ ಕಾಲೇಜುಗಳ ಲೆಕ್ಕ ಸ್ವಲ್ಪ ಬೇರೆ, ಅದನ್ನು ಪಕ್ಕಕ್ಕಿಡೋಣ.

ಅಂದರೆ ಹೊಸನಗರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಮಾಡಿದವಳಿಗೂ, ಶಿವಮೊಗ್ಗದ ಗಾಜಿನ ಕಟ್ಟಡದಲ್ಲಿ ಬಿಕಾಂ ಮಾಡಿದವನಿಗೂ ಅಂಕಪಟ್ಟಿಯ ಮೇಲಿನ ಮುದ್ರೆ ಒಂದೇ. ಹಾಗಾದರೆ ಜಾಸ್ತಿ ಫೀಸು ಕೊಟ್ಟು ನಾವು ಕೊಳ್ಳುತ್ತಿರುವುದು ಏನು? ಪಾಠ ಮಾಡುವ ಮೇಷ್ಟ್ರು, ಕೆಲಸ ಮಾಡುವ ಲ್ಯಾಬ್, ಹುಡುಗನ ಮೇಲೆ ಯಾರಾದರೂ ಇಡುವ ಗಮನ. ಇಷ್ಟೇ. ಬಿಲ್ಡಿಂಗ್ ಅಲ್ಲ, ಬಸ್ ಅಲ್ಲ, ಫೆಸ್ಟ್‌ಗೆ ಬರುವ ಸಿನಿಮಾ ನಟರಂತೂ ಅಲ್ಲವೇ ಅಲ್ಲ.

ಖಾಸಗಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಳಗೆ ಎರಡು ಬಗೆ ಇದೆ. ಅನುದಾನಿತ, ಅನುದಾನರಹಿತ. ಅನುದಾನಿತ ಕಾಲೇಜಿನಲ್ಲಿ ಆಡಳಿತ ಮಂಡಳಿ ಖಾಸಗಿಯಾದರೂ ಅನುದಾನದ ಹುದ್ದೆಯಲ್ಲಿರುವ ಮೇಷ್ಟ್ರಿಗೆ ಸಂಬಳ ಸರ್ಕಾರದ್ದು. ಮಲೆನಾಡಿನ ಹಳೆಯ ಕಾಲೇಜುಗಳು ಹೀಗೆ ಬೆಳೆದವು. 1946ರಲ್ಲಿ ಶಿವಮೊಗ್ಗದಲ್ಲಿ ಶುರುವಾದ ನ್ಯಾಷನಲ್ ಎಜುಕೇಶನ್ ಸೊಸೈಟಿ, ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಇವೆಲ್ಲ ಊರಿನವರು ಸೇರಿ ಕಟ್ಟಿದ ಸಂಸ್ಥೆಗಳು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ಬಂದಿದ್ದೇ ಇಂಥ ಕಡೆಯಿಂದ. ಹಾಗಾಗಿ ಖಾಸಗಿ ಎಂದ ಕೂಡಲೇ ಮೂಗು ಮುರಿಯುವವರ ಜೊತೆ ನಾನಿಲ್ಲ.

ಅನುದಾನರಹಿತ ಕಾಲೇಜಿನಲ್ಲಿ ಎಲ್ಲ ಖರ್ಚೂ ಮಕ್ಕಳ ಫೀಸಿನಿಂದಲೇ ಬರಬೇಕು. ಬಿಸಿಎ, ಬಿಬಿಎಯಂಥ ಕೋರ್ಸುಗಳು ಹಳೆಯ ಅನುದಾನಿತ ಕಾಲೇಜಿನ ಅಂಗಳದಲ್ಲೇ ನಡೆದರೂ ಸಾಮಾನ್ಯವಾಗಿ ಈ ಲೆಕ್ಕಕ್ಕೇ ಬರುತ್ತವೆ. ಒಂದೇ ಗೇಟಿನೊಳಗೆ ಬಿಎ ಮೇಷ್ಟ್ರಿಗೆ ಯುಜಿಸಿ ಸ್ಕೇಲಿನ ಸರ್ಕಾರಿ ಸಂಬಳ, ಬಿಸಿಎ ಮೇಷ್ಟ್ರಿಗೆ ಆಡಳಿತ ಮಂಡಳಿ ಕೊಟ್ಟಷ್ಟು. ಖರ್ಚು ಉಳಿಸಬೇಕು ಎಂದಾಗ ಕತ್ತರಿ ಬೀಳುವುದು ಎರಡನೆಯವರ ಮೇಲೆ.

ನನ್ನ ಅನುಭವ ಹೇಳಬೇಕೆಂದರೆ, ದಿನದ ಲೆಕ್ಕ ಹಾಕಿದರೆ ನನ್ನ ಸಂಬಳ ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡನ ಕೂಲಿಗಿಂತ ಕಡಿಮೆ ಇತ್ತು. ಕೊನೆಗೌಡನಿಗೆ ಜಾಸ್ತಿ ಆಯಿತು ಎಂದು ನಾನು ಹೇಳುತ್ತಿಲ್ಲ. ಮರದ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ಆದರೆ ಅವನ ಕೆಲಸಕ್ಕೆ ಊರಲ್ಲಿ ಜನ ಸಿಗುವುದಿಲ್ಲ, ನನ್ನ ಕೆಲಸಕ್ಕೆ ಬಾಗಿಲಲ್ಲಿ ಹತ್ತು ಎಂಸಿಎ ಅರ್ಜಿ ಇರುತ್ತಿದ್ದವು. ನಾನು ಸೇರಿದಾಗ ವಿಭಾಗದಲ್ಲಿದ್ದ ನಾಲ್ವರಲ್ಲಿ ಬಿಡುವಾಗ ಒಬ್ಬರೂ ಉಳಿದಿರಲಿಲ್ಲ. ಮೊದಲ ವರ್ಷ ಜಾವಾ ಹೇಳಿಕೊಟ್ಟವನು ಎರಡನೇ ವರ್ಷ ಬೆಂಗಳೂರಿನಲ್ಲಿ. ಮೂರನೇ ವರ್ಷದ ಪ್ರಾಜೆಕ್ಟ್ ನೋಡಲು ಬಂದವನಿಗೆ ಮಕ್ಕಳ ಹೆಸರೇ ಗೊತ್ತಿಲ್ಲ. ನಾನೂ ಸೆಮಿಸ್ಟರ್ ನಡುವೆ ಕೈಗೆ ಬಂದ ವಿಷಯಕ್ಕೆ ಹಿಂದಿನ ರಾತ್ರಿ ಓದಿಕೊಂಡು ಹೋಗಿ ನೋಟ್ಸ್ ಬರೆಸಿದ್ದೇನೆ. ಒಂದು ಗಂಟೆ ನಾನು ಹೇಳುವುದು, ಅವರು ಬರೆಯುವುದು. ಅದನ್ನು ಪಾಠ ಎಂದು ಕರೆಯುವುದಕ್ಕೆ ಈಗಲೂ ನಾಚಿಕೆ.

ಅದಕ್ಕೇ ಕಾಲೇಜು ನೋಡಲು ಹೋದವರು ಲ್ಯಾಬ್ ತೋರಿಸಿ ಎನ್ನುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಮೂರು ವರ್ಷದ ಹಿಂದೆ ಈ ವಿಭಾಗದಲ್ಲಿ ಇದ್ದ ಮೇಷ್ಟ್ರುಗಳಲ್ಲಿ ಎಷ್ಟು ಜನ ಇವತ್ತೂ ಇದ್ದಾರೆ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಡುವ ಗ್ರೇಡ್‌ಗಿಂತ ಜಾಸ್ತಿ ವಿಷಯ ಈ ಉತ್ತರದಲ್ಲಿ ಸಿಗುತ್ತದೆ ಎಂಬುದು ನನ್ನ ಅನಿಸಿಕೆ.

ಇದರ ಮೇಲೆ ನಿಯಮಗಳ ಬದಲಾವಣೆ ಬೇರೆ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ತಂದಿತು. ನಾಲ್ಕು ವರ್ಷದ ಆನರ್ಸ್ ಎಂದರು. ಬಿಎ ಮಕ್ಕಳಿಗೂ 'ಡಿಜಿಟಲ್ ಫ್ಲುಯೆನ್ಸಿ' ಬಂತು. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ನಾಲ್ಕು ವರ್ಷದೊಳಗೆ ಎರಡು ಸಲ ಸಿಲಬಸ್ ಮಗುಚಿತು. ಅನುಭವ ಇರುವ ಮೇಷ್ಟ್ರು ಇದ್ದ ಕಡೆ ಹೇಗೋ ಸುಧಾರಿಸಿಕೊಂಡರು. ವರ್ಷಕ್ಕೊಬ್ಬರು ಬದಲಾಗುವ ಕಡೆ ಪರೀಕ್ಷೆಗೆ ಬೇಕಾದಷ್ಟು ನೋಟ್ಸ್ ಮಾತ್ರ ಉಳಿಯಿತು.

ಅಂಕಗಳ ಬಗ್ಗೆಯೂ ಒಂದು ಮಾತು. ವಿಟಿಯುನಲ್ಲಿ ಅರ್ಧ ಅಂಕ ಕಾಲೇಜೇ ಕೊಡುವ ಇಂಟರ್ನಲ್. ಎನ್‌ಇಪಿ ಡಿಗ್ರಿಯಲ್ಲಿ ನೂರಕ್ಕೆ 40 ಇತ್ತು. ನಿರಂತರವಾಗಿ ಮಕ್ಕಳನ್ನು ಗಮನಿಸಿ ಅಂಕ ಕೊಡಬೇಕು ಎನ್ನುವುದು ಒಳ್ಳೆಯ ವಿಚಾರವೇ. ಆದರೆ ರಿಸಲ್ಟ್ ಚೆನ್ನಾಗಿದ್ದರೆ ಮಾತ್ರ ಮುಂದಿನ ವರ್ಷ ಸೀಟು ತುಂಬುವ ಕಾಲೇಜು ಕೈ ಬಿಗಿ ಹಿಡಿದು ಅಂಕ ಕೊಟ್ಟೀತೇ? ನನಗೂ "ಯಾರಿಗೂ 35ರ ಕೆಳಗೆ ಬೇಡ" ಎಂದು ಹೇಳಿದ್ದರು. ನಾನೂ ಹಾಗೇ ಕೊಟ್ಟೆ. ಶೇ. 80 ತೆಗೆದ ಹುಡುಗ ಇಂಟರ್ವ್ಯೂನಲ್ಲಿ ಬೆಪ್ಪಾಗಿ ಕೂರುವುದಕ್ಕೆ ಇಂಥ ಅಂಕಗಳೂ ಒಂದು ಕಾರಣ. ಕಂಪನಿಗಳಿಗೆ ಇದು ಗೊತ್ತು. ಅದಕ್ಕೇ ಅವರು ಅಂಕಪಟ್ಟಿಯನ್ನು ಬಾಗಿಲು ದಾಟಿಸುವುದಕ್ಕೆ ಮಾತ್ರ ಬಳಸಿ, ತಮ್ಮದೇ ಟೆಸ್ಟ್ ಇಟ್ಟುಕೊಂಡಿದ್ದಾರೆ.

ಶೇಕಡಾ ತೊಂಬತ್ತು ಹೇಗೆ ಹುಟ್ಟುತ್ತದೆ

ಈಗ ಫ್ಲೆಕ್ಸ್‌ಗೆ ಬರೋಣ. ಅಲ್ಲಿನ ಸಂಖ್ಯೆ ಪೂರ್ತಿ ಸುಳ್ಳೇ ಆಗಿರಬೇಕಿಲ್ಲ. ಯಾವುದನ್ನು ಯಾವುದರಿಂದ ಭಾಗಿಸಿದರು ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕ ನೋಡಿ. ಇದು ತಿಳಿಸಿ ಹೇಳಲು ನಾನೇ ಹಾಕಿಕೊಂಡ ಲೆಕ್ಕ, ಯಾವ ಕಾಲೇಜಿನದ್ದೂ ಅಲ್ಲ. ಒಂದು ಕೋರ್ಸಿಗೆ 120 ಮಕ್ಕಳು ಸೇರಿದರು. ಬಾಕಿ ವಿಷಯ ಇಲ್ಲದೆ ಕೊನೆ ಮುಟ್ಟಿದವರು 85. ಅವರಲ್ಲಿ ಶೇ. 60 ಅಂಕ ದಾಟಿ ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರು 50. ಬಂದ ಆಫರ್ 45. ಆದರೆ ಕೆಲವರಿಗೆ ಎರಡೆರಡು ಬಂದಿರುವುದರಿಂದ ತಲೆ ಎಣಿಸಿದರೆ 32. ಫ್ಲೆಕ್ಸ್ ಬರೆಸುವವರು 45ನ್ನು 50ರಿಂದ ಭಾಗಿಸುತ್ತಾರೆ. ಶೇ. 90 ಬಂತು. ಅಪ್ಪ ಅಮ್ಮ ಭಾಗಿಸಬೇಕಾದದ್ದು 32ನ್ನು 120ರಿಂದ. ಅದು ಶೇ. 27 ಕೂಡ ಮುಟ್ಟುವುದಿಲ್ಲ.

ಆ 32ರಲ್ಲೂ ಎಷ್ಟು ಜನ ಹೋಗಿ ಸೇರಿದರು, ಆರು ತಿಂಗಳಾದ ಮೇಲೆ ಎಷ್ಟು ಜನ ಉಳಿದರು ಎಂಬುದು ಬೇರೆಯೇ ಕಥೆ. ಆಫರ್ ಲೆಟರ್ ಎಂದರೆ ಕೆಲಸವಲ್ಲ. ಇನ್ಫೋಸಿಸ್‌ನಿಂದ 2022ರಲ್ಲಿ ಆಫರ್ ಪಡೆದ ಎಷ್ಟೋ ಎಂಜಿನಿಯರಿಂಗ್ ಮಕ್ಕಳು ಸುಮಾರು ಎರಡು ವರ್ಷ ಕಾದರು. ಕೊನೆಗೆ ಮೈಸೂರಿನ ಕ್ಯಾಂಪಸ್‌ಗೆ ಸೇರಿದವರಲ್ಲಿ 300ಕ್ಕೂ ಹೆಚ್ಚು ಜನರನ್ನು, ಕಂಪನಿಯ ಒಳಗಿನ ಪರೀಕ್ಷೆ ಮೂರು ಸಲ ಬರೆದೂ ಪಾಸಾಗಲಿಲ್ಲ ಎಂದು, 2025ರ ಫೆಬ್ರುವರಿಯಲ್ಲಿ ಕಳಿಸಿದರು. ಇಂಥವರ ಫೋಟೋ ಅಷ್ಟರಲ್ಲಿ ಮೂರು ವರ್ಷದ ಫ್ಲೆಕ್ಸ್‌ನಲ್ಲಿ ಬಂದು ಹೋಗಿರುತ್ತದೆ.

ಇನ್ನು 'ಹೈಯೆಸ್ಟ್ ಪ್ಯಾಕೇಜ್'. ಒಬ್ಬ ಹುಡುಗನ ಸಂಬಳದಿಂದ ಉಳಿದವರ ಬಗ್ಗೆ ಏನೂ ತಿಳಿಯುವುದಿಲ್ಲ. ಬೇಕಾಗಿರುವುದು ನಡುವಿನವನ ಸಂಬಳ. ಕೆಲಸ ಸಿಕ್ಕ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ಮಧ್ಯದಲ್ಲಿ ನಿಂತವನಿಗೆ ಎಷ್ಟು ಎಂದು ಕೇಳುವುದು. ಇದನ್ನು ಮೀಡಿಯನ್ ಎನ್ನುತ್ತಾರೆ. ಖುಷಿಯ ವಿಷಯ ಏನೆಂದರೆ ಇದು ಕೆಲವು ಕಾಲೇಜುಗಳ ವೆಬ್‌ಸೈಟಿನಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜು ತಾನು ಕೊಟ್ಟ ಮಾಹಿತಿಯನ್ನು ತನ್ನ ಸೈಟಿನಲ್ಲೂ ಹಾಕಬೇಕು. ಅದರಲ್ಲಿ ಒಂದು ಕೋಷ್ಟಕ ಇದೆ. ಎಷ್ಟು ಜನ ಸೇರಿದರು, ಸರಿಯಾದ ಸಮಯಕ್ಕೆ ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಒಂದೇ ಸಾಲಿನಲ್ಲಿ ಐದೂ ಉತ್ತರ. ಫ್ಲೆಕ್ಸ್‌ನ ಫೋಟೋ ಒಂದು ಕೈಯಲ್ಲಿ, ಆ ಕೋಷ್ಟಕ ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸಿ ನೋಡಿ. ನಗು ಬರಬಹುದು, ಸಿಟ್ಟೂ ಬರಬಹುದು.

ತಾಲೂಕು ಮಟ್ಟದ ಸಣ್ಣ ಕಾಲೇಜುಗಳು ಸಾಮಾನ್ಯವಾಗಿ ಎನ್‌ಐಆರ್‌ಎಫ್ ಕಡೆ ಹೋಗುವುದಿಲ್ಲ. ಅಲ್ಲಿ ನ್ಯಾಕ್ ಆಗಿದ್ದರೆ ವರ್ಷಕ್ಕೊಮ್ಮೆ ಕೊಡುವ ವರದಿ ಇರುತ್ತದೆ. ಅದರ ಐದನೇ ಅಧ್ಯಾಯ ಮಕ್ಕಳು ಮುಂದೆ ಏನಾದರು ಎಂಬುದರ ಬಗ್ಗೆ. ಅದೂ ಇಲ್ಲವೇ? ಹಾಗಾದರೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಕೇಳಿ. ಸುಮ್ನೆ ಹೇಳುತ್ತಿಲ್ಲ. ಕೊನೆ ಸೆಮಿಸ್ಟರ್ ಮಕ್ಕಳ ರೆಸ್ಯೂಮ್ ಎಲ್ಲಾ ಅಲ್ಲೇ ಪ್ರಿಂಟ್ ಆಗುವುದು.

ಬೆಂಗಳೂರಿನ ಆರು ತಿಂಗಳು

ಭಾವ ಕಾಲೇಜಿನ ಖರ್ಚು ಲೆಕ್ಕ ಹಾಕಿದ್ದರು. ಫೀಸು, ಹಾಸ್ಟೆಲ್, ಬಸ್ಸು. ಆಮೇಲಿನ ಖರ್ಚು ಹಾಕಿರಲಿಲ್ಲ. ಅದನ್ನು ಯಾರೂ ಹಾಕುವುದಿಲ್ಲ. ಅಸಲಿ ವಿಷಯ ಇರುವುದೇ ಅಲ್ಲಿ.

ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲಿನಲ್ಲಿ ಭಾನುವಾರ ಒಮ್ಮೆ ಹೋಗಿ ನೋಡಿ. ಜನರಲ್ ಬೋಗಿಯಲ್ಲಿ ಬೆನ್ನಿಗೆ ಬ್ಯಾಗು, ಕೈಯಲ್ಲಿ ಅಮ್ಮ ಕೊಟ್ಟ ಉಪ್ಪಿನಕಾಯಿ ಡಬ್ಬಿ ಹಿಡಿದ ಹುಡುಗರು. ಡಿಗ್ರಿ ಮುಗಿದಿದೆ. ಕೆಲಸಕ್ಕೆ ಹೋಗುತ್ತಿದ್ದಾರೆ ಎಂದುಕೊಂಡರೆ ಅಲ್ಲ. ಕೋರ್ಸಿಗೆ ಹೋಗುತ್ತಿದ್ದಾರೆ. ಬಿಟಿಎಂ, ಮಾರತ್ತಹಳ್ಳಿ, ರಾಜಾಜಿನಗರದ ಯಾವುದೋ ಮೂರನೇ ಮಹಡಿಯಲ್ಲಿ ಜಾವಾ, ಟೆಸ್ಟಿಂಗ್, ಫುಲ್ ಸ್ಟ್ಯಾಕ್. ಬಿಕಾಂ ಮಕ್ಕಳಾದರೆ ಟ್ಯಾಲಿ, ಜಿಎಸ್‌ಟಿ. ಮೂರು ಅಥವಾ ನಾಲ್ಕು ವರ್ಷ ಓದಿದ ವಿಷಯವನ್ನೇ ಮತ್ತೆ ದುಡ್ಡು ಕೊಟ್ಟು ಆರು ತಿಂಗಳು ಕಲಿಯುವುದು. ಪಿಜಿ ಬಾಡಿಗೆ, ಊಟ, ಕೋರ್ಸ್ ಫೀಸು, ಆಮೇಲೆ ಇಂಟರ್ವ್ಯೂ ಸುತ್ತಾಟ. ಈ ದುಡ್ಡೂ ಡಿಗ್ರಿಯ ಫೀಸೇ, ಅಲ್ವಾ? ಕಾಲೇಜು ಕಲಿಸಬೇಕಾದದ್ದನ್ನು ಕಲಿಸಿದ್ದರೆ ಕೊಡಬೇಕಿರಲಿಲ್ಲ. ಕಡಿಮೆ ಫೀಸಿನ ಕಾಲೇಜು ಎಂದು ಖುಷಿಪಟ್ಟವರಿಗೆ ಕೊನೆಗೆ ದುಬಾರಿ ಬೀಳುವುದು ಹೀಗೆ. ಜಾಸ್ತಿ ಫೀಸಿನ ಕಾಲೇಜಿನವರೂ ಅದೇ ರೈಲಿನಲ್ಲಿ ಇರುತ್ತಾರೆ ಎಂಬುದು ಇನ್ನೊಂದು ತಮಾಷೆ.

ಅಷ್ಟಾದ ಮೇಲೆ ಸಿಗುವ ಸಂಬಳವಾದರೂ ಎಷ್ಟು? ದೊಡ್ಡ ಐಟಿ ಕಂಪನಿಗಳಲ್ಲಿ ಎಂಜಿನಿಯರಿಂಗ್ ಮುಗಿಸಿದ ಹೊಸಬರ ಸಾಮಾನ್ಯ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷದಿಂದ ಕೂತಿದೆ. 2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿಯ 2.52 ಲಕ್ಷದ ಆಫರ್ ದೊಡ್ಡ ಸುದ್ದಿಯಾಯಿತು. ಅದು ಎಂಜಿನಿಯರ್‌ಗಳಿಗಲ್ಲ, ಮೂರು ವರ್ಷದ ಡಿಗ್ರಿಯವರಿಗೆ ಎಂದು ಕಂಪನಿ ಹೇಳಿತು. ಎಂಜಿನಿಯರುಗಳು ಸಮಾಧಾನಪಟ್ಟರು. ಬಿಸಿಎ, ಬಿಎಸ್ಸಿ ಮಕ್ಕಳ ಮನೆಯವರು ಸಮಾಧಾನಪಡುವುದಕ್ಕೆ ಏನಿತ್ತು? ತಿಂಗಳಿಗೆ 21 ಸಾವಿರ. ಅದರಲ್ಲೇ ಬೆಂಗಳೂರಿನ ಪಿಜಿ, ಊಟ, ಬಸ್ಸು.

ಎಂಜಿನಿಯರಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಆ ಕಥೆ ಎಲ್ಲರಿಗೂ ಗೊತ್ತು. ಒಂದೇ ವಿಷಯ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ 2024ರಲ್ಲಿ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟಿನ ಮೇಲ್ಮಿತಿ ತೆಗೆಯಿತು. ಬೆಂಗಳೂರಿನ ಹೆಸರಾಂತ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆ ಎಂದಾದರೆ ನಮ್ಮ ಕಡೆಯ ಹುಡುಗ ಇಲ್ಲಿ ಯಾಕೆ ನಿಲ್ಲುತ್ತಾನೆ? ಆ ಭಯಕ್ಕೆ ಇಲ್ಲಿನ ಕಾಲೇಜುಗಳೂ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಬೋರ್ಡ್ ಬದಲಿಸುತ್ತಿವೆ. ಬೋರ್ಡ್ ಹೊಸದು, ಎಷ್ಟೋ ಕಡೆ ಮೇಷ್ಟ್ರು ಹಳಬರೇ. ಹೊಸ ಬ್ರಾಂಚ್ ಹೆಸರು ಕೇಳಿ ಮರುಳಾಗುವ ಮೊದಲು, ಆ ವಿಷಯ ಕಲಿಸುವವರು ಅದನ್ನು ಎಲ್ಲಿ ಕಲಿತರು ಎಂದು ಕೇಳುವುದು ಒಳ್ಳೆಯದು. ಇದೇ 2024-25ರಿಂದ ಬಿಸಿಎ, ಬಿಬಿಎ ಕೋರ್ಸುಗಳೂ ಎಐಸಿಟಿಇ ಒಪ್ಪಿಗೆಯ ಕೆಳಗೆ ಬಂದಿವೆ. ಅದರಿಂದ ಗುಣಮಟ್ಟ ಏರುತ್ತದೋ, ಫೈಲು ದಪ್ಪವಾಗುತ್ತದೋ ನೋಡಬೇಕು.

ಮಂಡಿಯಲ್ಲಿ ಇರುವ ಕೆಲಸ

ಊರಲ್ಲೇ ಕೆಲಸ ಇಲ್ಲವೇ ಎಂದು ಭಾವ ಕೇಳಿದರು. ಅವರ ಕಾಲದಲ್ಲಿ ಇತ್ತು. ಭದ್ರಾವತಿ ಎಂದರೆ ಸಾಕಿತ್ತು. 1923ರಿಂದ ನಡೆದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ. ಐಟಿಐ, ಡಿಪ್ಲೊಮಾ ಮಾಡಿದವನು ಅಲ್ಲಿ ಸೇರಿ, ಕ್ವಾರ್ಟರ್ಸ್ ಪಡೆದು, ಮಕ್ಕಳನ್ನು ಓದಿಸಿ ರಿಟೈರ್ ಆಗುತ್ತಿದ್ದ. ಕಾಗದದ ಯಂತ್ರ ನಿಂತು ದಶಕದ ಹತ್ತಿರವಾಯಿತು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು 2023ರ ಜನವರಿಯಲ್ಲಿ ಅದನ್ನು ನಡೆಸುವ ಕೇಂದ್ರದ ಕಂಪನಿ ಸೈಲ್ ತೀರ್ಮಾನಿಸಿತು. ಹೋರಾಟ ಆಯಿತು, ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಆದರೆ ಅದನ್ನು ನಂಬಿ ಯಾರೂ ಮಗನನ್ನು ಓದಿಸುತ್ತಿಲ್ಲ. ಅದೇ ವರ್ಷ ಶಿವಮೊಗ್ಗ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತು. ಕೆಲಸ ಹಿಂದೆಯೇ ಬರುತ್ತದೆ ಎಂದರು. ಸದ್ಯ ಅದು ಬೆಂಗಳೂರಿಗೆ ಬೇಗ ಹೋಗುವ ದಾರಿಯಾಗಿದೆ.

ಉಳಿದದ್ದು ಸರ್ಕಾರಿ ಕೆಲಸದ ಕನಸು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆ ಕರೆದರು. ಪಿಯುಸಿ ಸಾಕಿತ್ತು. ಅರ್ಜಿ ಬಂದಿದ್ದು ಲಕ್ಷಗಟ್ಟಲೆ.

ಹಾಗಂತ ಊರಲ್ಲಿ ಡಿಗ್ರಿಯವರಿಗೆ ಕೆಲಸವೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಇದೆ. ನಮ್ಮ ಡಿಗ್ರಿಗೂ ಅದಕ್ಕೂ ಪರಿಚಯ ಇಲ್ಲ, ಅಷ್ಟೇ. ಅಡಿಕೆಯನ್ನೇ ತೆಗೆದುಕೊಳ್ಳಿ. ಅಡಿಕೆ ಮಾರುವ ಸಹಕಾರಿ ಸಂಘಗಳಾಗಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಇದೆ, ಸಾಗರದಲ್ಲಿ ಆಪ್ಸ್‌ಕೋಸ್ ಇದೆ, ಎಪಿಎಂಸಿ ಅಂಗಳದಲ್ಲಿ ಸಾಲು ಸಾಲು ಮಂಡಿಗಳಿವೆ. ಅಡಿಕೆಗೆ ಶೇ. 5 ಜಿಎಸ್‌ಟಿ. 50 ಸಾವಿರ ದಾಟಿದ ಮಾಲು ಲಾರಿ ಹತ್ತಬೇಕೆಂದರೆ ಇ-ವೇ ಬಿಲ್ ಎಂಬ ಸಾಗಣೆ ಚೀಟಿ. ತಿಂಗಳ 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ದೊಡ್ಡ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯಿಂದ ವರ್ಷಕ್ಕೆ 50 ಲಕ್ಷಕ್ಕಿಂತ ಜಾಸ್ತಿ ಮಾಲು ಕೊಂಡರೆ ಟಿಡಿಎಸ್ ಮುರಿಯಬೇಕು. ದಿನಾಂಕ ತಪ್ಪಿದರೆ ದಂಡ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಈ ಕೆಲಸ ಗೊತ್ತಿರುವವರಿಗೆ ದುರ್ಗಿಗುಡಿಯ ಆಡಿಟರ್ ಆಫೀಸಿನಿಂದ ಹಿಡಿದು ರಿಪ್ಪನ್‌ಪೇಟೆಯ ಹಾರ್ಡ್‌ವೇರ್ ಅಂಗಡಿವರೆಗೆ ಬೇಡಿಕೆ ಇದೆ.

ನಮಗೆ ಪರಿಚಯದ ಮಂಡಿ ಸಾಹುಕಾರರೊಬ್ಬರು ಹೇಳಿದ ಮಾತು ಇದು. "ಬಿಕಾಂ ಮಾಡಿದವ ಬರ್ತಾನೆ. ಜಿಎಸ್‌ಟಿ ಯಾವಾಗ ಜಾರಿಗೆ ಬಂತು ಅಂತ ಕೇಳಿದ್ರೆ ತಾರೀಕು ಹೇಳ್ತಾನೆ. ಈ ಬಿಲ್ ಹಾಕಪ್ಪ ಅಂದ್ರೆ ಕೈ ನಡುಗುತ್ತೆ." ಹುಡುಗನ ತಪ್ಪೇನಿದೆ? ಮೂರು ವರ್ಷ ಅವನು ಲೆಡ್ಜರ್ ಬರೆದದ್ದು ಕಾಗದದ ಮೇಲೆ, ಸ್ಕೇಲಿನಿಂದ ಗೆರೆ ಎಳೆದು. ಜಿಎಸ್‌ಟಿ ಓದಿದ್ದು ಐದು ಅಂಕದ ಪ್ರಶ್ನೆಯಾಗಿ. ಪೋರ್ಟಲ್‌ನ ಮುಖ ನೋಡಿಲ್ಲ. ಕಾಲೇಜಿನಿಂದ ಮಂಡಿಗೆ ಎರಡು ಕಿಲೋಮೀಟರ್ ಇರಬಹುದು. ಮೂರು ವರ್ಷದಲ್ಲಿ ಒಂದು ತಿಂಗಳು ಅಲ್ಲಿ ಕೂರಿಸಿದ್ದರೆ ಸಾಕಿತ್ತು. ಆ ತಿಂಗಳಿಗೆ ಫ್ಲೆಕ್ಸ್‌ನಲ್ಲಿ ಜಾಗ ಇಲ್ಲ. ಸಾಹುಕಾರರ ಮಂಡಿಗೆ ಲೋಗೋ ಇಲ್ಲವಲ್ಲ!

ಶಿವಮೊಗ್ಗ ಪಕ್ಕದ ಕೈಗಾರಿಕಾ ಪ್ರದೇಶ ಮಾಚೇನಹಳ್ಳಿಯ ಫೌಂಡ್ರಿಗಳದ್ದೂ ಇಂಥದ್ದೇ ಮಾತು. ಎರಕದ ಕೆಲಸ ಬಲ್ಲ ಮೆಕ್ಯಾನಿಕಲ್ ಹುಡುಗರು ಬೇಕು ಎನ್ನುತ್ತಾರೆ. ಮೊದಲ ಸಂಬಳ ಕಡಿಮೆ, ಬಿಸಿ ಜಾಸ್ತಿ, ಹುಡುಗರು ನಿಲ್ಲುವುದಿಲ್ಲ. ಇಲ್ಲಿ ತಪ್ಪು ಕಾಲೇಜಿನದ್ದು ಮಾತ್ರ ಅಲ್ಲ. ಮನೆಯಲ್ಲಿ ಕುಡಿ ಎಲೆ ಊಟ ಇರುವಾಗ ಹದಿನೈದು ಸಾವಿರಕ್ಕೆ ಕಾವಿನ ಮುಂದೆ ನಿಲ್ಲು ಎಂದರೆ ಯಾರು ಕೇಳುತ್ತಾರೆ?

ಇದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. ಅಪ್ರೆಂಟಿಸ್ ಯೋಜನೆ, ಎನ್‌ಎಟಿಎಸ್. ಡಿಗ್ರಿ ಮುಗಿಸಿದವರು ಒಂದು ಕಂಪನಿಯಲ್ಲೋ ಸಂಸ್ಥೆಯಲ್ಲೋ ಸಾಮಾನ್ಯವಾಗಿ ಒಂದು ವರ್ಷ ಕೆಲಸ ಕಲಿಯಬಹುದು. 2019ರ ನಿಯಮ ತಿಂಗಳಿಗೆ ಕನಿಷ್ಠ 9 ಸಾವಿರ ಎಂದು ಇಟ್ಟಿತ್ತು, ಆ ಕನಿಷ್ಠ ಮೊತ್ತದಲ್ಲಿ ಅರ್ಧ ಕೇಂದ್ರ ಸರ್ಕಾರ ಭರಿಸುತ್ತದೆ. ಬಿಎ, ಬಿಕಾಂನವರಿಗೂ ಅವಕಾಶ ಇದೆ. ನಮ್ಮ ಸಹಕಾರಿ ಸಂಘಗಳು, ಬ್ಯಾಂಕುಗಳು, ಆಸ್ಪತ್ರೆಗಳು ಹತ್ತತ್ತು ಮಕ್ಕಳನ್ನು ಹೀಗೆ ತೆಗೆದುಕೊಳ್ಳಬಹುದು. ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್ ಬೆಂಗಳೂರಿನ ಎಚ್‌ಆರ್‌ಗಳಿಗೆ ಮಾಡುವ ಫೋನಿನಲ್ಲಿ ಕಾಲು ಭಾಗ ಇಲ್ಲಿ ಮಾಡಿದರೆ ಆಗುವ ಕೆಲಸ. ನಾನು ಕಾಲೇಜಿನಲ್ಲಿದ್ದ ಎರಡು ವರ್ಷದಲ್ಲಿ ಈ ಹೆಸರನ್ನು ಯಾರ ಬಾಯಲ್ಲೂ ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಕಾಯುವವರು

ಯುವನಿಧಿ ಯೋಜನೆ ಶುರುವಾಗಿದ್ದು ನಮ್ಮ ಶಿವಮೊಗ್ಗದಲ್ಲೇ. 2024ರ ಜನವರಿ 12, ಫ್ರೀಡಂ ಪಾರ್ಕ್, ಅಂದರೆ ಹಳೇ ಜೈಲಿನ ಜಾಗ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಎರಡು ವರ್ಷದವರೆಗೆ. ಯೋಜನೆ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಆ ಅವಧಿ. ಡಿಗ್ರಿ ಮುಗಿದ ಮೇಲೆ ಎರಡೂವರೆ ವರ್ಷ ಕೆಲಸವಿಲ್ಲದೆ ಕೂರುವವರು ಇರುತ್ತಾರೆ ಎಂದು ಸರ್ಕಾರವೇ ಒಪ್ಪಿಕೊಂಡು ಬಜೆಟ್ ಹಾಕಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು 2024ರಲ್ಲಿ ತಂದ ಭಾರತದ ಉದ್ಯೋಗ ವರದಿಯಲ್ಲಿ ಒಂದು ಅಂಕಿ ಇದೆ. 2022ರಲ್ಲಿ ಪದವಿ ಮುಗಿಸಿದ ಯುವಕರಲ್ಲಿ ನಿರುದ್ಯೋಗ ಶೇ. 29.1. ಓದು ಬರಹ ಬಾರದ ಯುವಕರಲ್ಲಿ ಶೇ. 3.4. ಇದನ್ನು ಓದಿ "ಓದಿದ್ದೇ ತಪ್ಪಾಯಿತು" ಎಂದು ವಾಟ್ಸಾಪ್‌ನಲ್ಲಿ ಹಂಚಿದವರಿದ್ದಾರೆ. ಅದು ಹಾಗಲ್ಲ. ಓದಿಲ್ಲದವನು ಕಾಯುವ ಹಾಗಿಲ್ಲ. ಇವತ್ತಿನ ಕೂಲಿ ಇವತ್ತೇ ಹುಡುಕಿಕೊಳ್ಳಬೇಕು. ಓದಿದವನು ಡಿಗ್ರಿಗೆ ತಕ್ಕ ಕೆಲಸಕ್ಕೆ ಕಾಯುತ್ತಾನೆ, ಕಾಯುವಷ್ಟು ದಿನ ಮನೆ ಸಾಕುತ್ತದೆ. ಮಲೆನಾಡಿನಲ್ಲಿ ಸಾಕುವುದು ತೋಟ. ಎಲೆಚುಕ್ಕಿ ರೋಗ ಬಂದ ತೋಟ ಎಷ್ಟು ವರ್ಷ ಸಾಕುತ್ತದೆ? ತೋಟವೇ ಇಲ್ಲದ ಮನೆಯ ಹುಡುಗಿ ಎಷ್ಟು ದಿನ ಕಾಯುತ್ತಾಳೆ? ಅವಳು ಮಾಚೇನಹಳ್ಳಿಯ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಬಿಕಾಂ ಫಸ್ಟ್ ಕ್ಲಾಸ್. ನಿರುದ್ಯೋಗದ ಲೆಕ್ಕದಿಂದ ಅವಳ ಹೆಸರು ಹೋಗುತ್ತದೆ.

ಇಂಗ್ಲಿಷ್ ಬಾರದ್ದೇ ಎಲ್ಲಕ್ಕೂ ಕಾರಣ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ನನ್ನ ವಿದ್ಯಾರ್ಥಿಗಳು ಅಣಕು ಇಂಟರ್ವ್ಯೂನಲ್ಲಿ "ನಿನ್ನ ಬಗ್ಗೆ ಹೇಳು" ಎಂದರೆ ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದು ದಿನ, ಸರಿ, ಕನ್ನಡದಲ್ಲೇ ನಿಮ್ಮ ಪ್ರಾಜೆಕ್ಟ್ ವಿವರಿಸಿ ಎಂದೆ. ಆಗಲೂ ಹೆಚ್ಚಿನವರಿಗೆ ಆಗಲಿಲ್ಲ. ಭಾಷೆಯ ತೊಂದರೆ ಆಮೇಲೆ. ಮೂರು ವರ್ಷದಲ್ಲಿ ಯಾವ ತರಗತಿಯಲ್ಲೂ ಅವರನ್ನು ನಾವು ಮಾತಾಡಲು ಬಿಟ್ಟಿರಲಿಲ್ಲ. ನಾವು ಬರೆಸಿದೆವು, ಅವರು ಬರೆದರು.

ಸಾಲದ ವಿಷಯ ಭಾವನಿಗೆ ಬೇಕಿರಲಿಲ್ಲ, ಬೇಕಾದವರಿಗೆ ಒಂದು ಮಾತು. ಬ್ಯಾಂಕುಗಳು 4 ಲಕ್ಷದವರೆಗೆ ಅಡವಿಲ್ಲದೆ ಶಿಕ್ಷಣ ಸಾಲ ಕೊಡುತ್ತವೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಶುರುವಿನಲ್ಲಿ ಸೇರಿಸಿದ್ದು ದೇಶದ 860 ಸಂಸ್ಥೆಗಳನ್ನು ಮಾತ್ರ. ನೀವು ನೋಡುತ್ತಿರುವ ಕಾಲೇಜು ಆ ಪಟ್ಟಿಯಲ್ಲಿ ಇದೆಯೇ ಎಂದು ಬ್ಯಾಂಕ್ ಮ್ಯಾನೇಜರರನ್ನೇ ಕೇಳಿ.

ಶಿವಮೊಗ್ಗದಲ್ಲಿ ಆ ದಿನ ಮೂರು ಕಾಲೇಜು ನೋಡಿದೆವು. ಮೊದಲ ಎರಡರಲ್ಲಿ ಭಾವ ಸುಮ್ಮನೆ ತಲೆಯಾಡಿಸಿದರು. ಮೂರನೆಯದರಲ್ಲಿ, ಎಸಿ ರೂಮಿನಲ್ಲಿ, ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಕೇಳಿದರು.

"ಸರ್, ಹೋದ ವರ್ಷ ಬಿಕಾಂ ಮುಗಿಸಿದವರು ಎಷ್ಟು ಜನ? ಅವರೆಲ್ಲಾ ಈಗ ಏನು ಮಾಡ್ತಿದ್ದಾರೆ? ಫೋಟೋ ಹಾಕಿದವರದ್ದಲ್ಲ, ಎಲ್ಲರದ್ದು."

ಅಡ್ಮಿಷನ್ ನೋಡಿಕೊಳ್ಳುವವರು ಒಂದು ಕ್ಷಣ ಭಾವನ ಮುಖ ನೋಡಿದರು. ಆಮೇಲೆ ನಂಬರ್ ಬರೆದುಕೊಂಡು, ಪಟ್ಟಿ ವಾಟ್ಸಾಪ್ ಮಾಡುತ್ತೇವೆ ಎಂದರು.

ಹತ್ತು ದಿನವಾಯಿತು. ಭಾವ ದಿನಾ ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಬಂದು ಫೋನ್ ತೆಗೆದು ನೋಡುತ್ತಾರೆ. ನಿನ್ನೆ ಬಂತು ಎಂದು ನನಗೆ ಕಳಿಸಿದರು. ತೆರೆದು ನೋಡಿದರೆ ಪಟ್ಟಿಯಲ್ಲ. ಹೊಸ ಫ್ಲೆಕ್ಸ್‌ನ ಫೋಟೋ.